ಕಣ್ಣಿಗೆ ಕಾಣದ ಧ್ರುವಪ್ರಭೆ, ಕಾಂತಕ್ಕೆ ಗೊತ್ತು

2024ರ ಮೇ 10ರ ರಾತ್ರಿ ಕಳೆದು 11ರ ನಸುಕಿನಲ್ಲಿ ಲಡಾಖಿನ ಹಾನ್ಲೆಯ ಉತ್ತರದ ಆಕಾಶ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಅದರ ಕ್ಯಾಮೆರಾಗೆ ಆ ಕೆಂಪು ಸಿಕ್ಕಿತು. ಫೋಟೋ ನೋಡಿದರೆ ನೀವು ಕೇಳೋದು ಒಂದೇ: "ಸಾರ್, ನಮ್ಮ ಆದೋನಿಯಲ್ಲಿ ಯಾಕೆ ಕಾಣಲಿಲ್ಲ?"

ಉತ್ತರ ನಿಮ್ಮ ಗಣಿತ ಪುಸ್ತಕದಲ್ಲೇ ಇದೆ. ಧ್ರುವಪ್ರಭೆಯ ಹಸಿರು ಬೆಳಕು ಹುಟ್ಟೋದು ಸುಮಾರು 100 ಕಿ.ಮೀ. ಎತ್ತರದಲ್ಲಿ, ಕೆಂಪು 200 ಕಿ.ಮೀ.ಗಿಂತ ಮೇಲೆ. ಎರಡೂ ಆಕ್ಸಿಜನ್ನಿನದೇ. ಭೂಮಿಯ ತ್ರಿಜ್ಯ 6400 ಕಿ.ಮೀ. ಪೈಥಾಗೊರಸ್ ಹಚ್ಚಿ ನೋಡಿ: 300 ಕಿ.ಮೀ. ಎತ್ತರದ ಬೆಳಕು ಕಾಣುವ ದೂರ 2×6400×300ರ ವರ್ಗಮೂಲ, ಅಂದರೆ ಸುಮಾರು 1960 ಕಿ.ಮೀ. 100 ಕಿ.ಮೀ. ಎತ್ತರದ್ದಾದರೆ 1130 ಮಾತ್ರ. ದೂರದ ಹಸಿರು ಭೂಮಿಯ ಉಬ್ಬಿನ ಹಿಂದೆ ಮರೆಯಾಗಿ, ಎತ್ತರದ ಕೆಂಪಷ್ಟೇ ಹಾನ್ಲೆಗೆ ಕಂಡಿತು. ನಮಗೆ ಹಾನ್ಲೆಯೇ ಸುಮಾರು 1900 ಕಿ.ಮೀ. ದೂರ, ಬೆಳಕು ಇದ್ದದ್ದು ಇನ್ನೂ ಉತ್ತರಕ್ಕೆ. ಕೋಟೆ ಬೆಟ್ಟ ಹತ್ತಿದರೂ ಕಾಣದು!

ಹಾಗಂತ ಆ ರಾತ್ರಿ ನಮ್ಮ ಮೇಲೆ ಏನೂ ಆಗಲಿಲ್ಲ ಅಂದುಕೊಳ್ಳಬೇಡಿ. ಸೂರ್ಯನಿಂದ ಬಂದ ಆವೇಶಯುಕ್ತ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಸಮಭಾಜಕದ ಮೇಲೆ ಸಾವಿರಾರು ಕಿ.ಮೀ. ಎತ್ತರದಲ್ಲಿ ವಿದ್ಯುತ್ತು ಉಂಗುರದ ಹಾಗೆ ಹರಿಯುತ್ತದೆ. ತಂತಿಯಲ್ಲಿ ವಿದ್ಯುತ್ ಹರಿದಾಗ ದಿಕ್ಸೂಚಿ ತಿರುಗಿದ್ದು ನೆನಪಿದೆಯಲ್ಲ? ಅದೇ ಪ್ರಯೋಗ, ದೊಡ್ಡ ಪ್ರಮಾಣದಲ್ಲಿ. ನಮ್ಮ ಕಡೆ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಆ ಮೇ ತಿಂಗಳಲ್ಲಿ ಸಮಭಾಜಕದ ಸುತ್ತ ಅದು ಸುಮಾರು 400 ತಗ್ಗಿತು. ನೂರಕ್ಕೆ ಒಂದು ಪಾಲು! ಲ್ಯಾಬಿನ ದಿಕ್ಸೂಚಿಗೆ ಇದು ತಿಳಿಯೋದಿಲ್ಲ, ಕಾಂತಮಾಪಕಕ್ಕೆ ತಿಳಿಯುತ್ತೆ.

1859ರ ಸೆಪ್ಟೆಂಬರ್ 2ರಂದು ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ, ತೂಗುಬಿಟ್ಟ ಕಾಂತವನ್ನು ಕಣ್ಣಿಂದ ನೋಡಿ ಬರೆದುಕೊಂಡ ಅಂಕಿಗಳಲ್ಲಿ ಈ ಇಳಿತ ಸುಮಾರು 1600. ಆಗಿದ್ದು ಹಗಲಿನಲ್ಲಿ, ಬಿಸಿಲಲ್ಲಿ ಧ್ರುವಪ್ರಭೆ ಯಾರಿಗೆ ಕಾಣಬೇಕು? ಆದರೂ ಅಂಥ ದೊಡ್ಡ ಬಿರುಗಾಳಿಯ ಅಳತೆಗೆ ವಿಜ್ಞಾನಿಗಳು ಇವತ್ತಿಗೂ ಆ ಪುಸ್ತಕವನ್ನೇ ತೆರೆಯುತ್ತಾರೆ.

ಆದರೆ ಕಾಂತಮಾಪಕ ಹೇಳೋದು ಬಿರುಗಾಳಿ ಬಂದ ಮೇಲೆ. ಮೊದಲೇ ತಿಳಿಯಲು ಉಪಗ್ರಹ ಬೇಕು. 2023ರ ಸೆಪ್ಟೆಂಬರ್ 2ರಂದೇ (ದಿನಾಂಕ ನೋಡಿ!) ಹೊರಟ ಇಸ್ರೋದ ಆದಿತ್ಯ-ಎಲ್1, ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಸೂರ್ಯನ ಕಡೆ ನಿಂತು, ಬರುವ ಕಣಗಳನ್ನು ದಾರಿಯಲ್ಲೇ ಅಳೆಯುತ್ತದೆ. 2024ರ ಮೇ ತಿಂಗಳ ಬಿರುಗಾಳಿಯನ್ನೂ ಅಳೆಯಿತು. ಕಣಗಳ ವಿಷಯದಲ್ಲಿ ಅದಕ್ಕೆ ತಿಳಿಯೋದು ತಾನಿರುವ ಜಾಗದ ಗಾಳಿ ಮಾತ್ರ. ನೆಲದ ಮೇಲೆ ಏನಾಯಿತು ಅಂತ ಹೇಳಲು ಕ್ಯಾಮೆರಾ, ಕಾಂತಮಾಪಕ ಎರಡೂ ಬೇಕೇ ಬೇಕು.

ಈಗ ನಿಮಗೊಂದು ಲೆಕ್ಕ. ಕೆಂಪು ಬೆಳಕು 500 ಕಿ.ಮೀ. ಎತ್ತರದಲ್ಲಿದ್ದರೆ ಎಷ್ಟು ದೂರದವರೆಗೆ ಕಂಡೀತು? ಅಟ್ಲಾಸಿನಲ್ಲಿ ಆದೋನಿಯಿಂದ ಉತ್ತರಕ್ಕೆ ಅಷ್ಟು ದೂರ ಅಳೆದು, ಯಾವ ದೇಶ ಬರುತ್ತೆ ಬರೆಯಿರಿ.