ಪ್ರಣಾಳಿಕೆಯ ಭರವಸೆ ಮತ್ತು ಅದರ ಖರ್ಚು

ಭರವಸೆಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪೂರ್ಣ ಲೆಕ್ಕವನ್ನು ಪಕ್ಷಗಳು ಮತದಾರರ ಮುಂದೆ ಇಡಲೇಬೇಕೆಂಬ ಕಾನೂನು ಇಲ್ಲ. ಸುಬ್ರಮಣ್ಯಂ ಬಾಲಾಜಿ ಪ್ರಕರಣದಲ್ಲಿ (5 ಜುಲೈ 2013) ಸುಪ್ರೀಂ ಕೋರ್ಟ್, ಪ್ರಣಾಳಿಕೆಯ ಭರವಸೆಗಳು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟಾಚಾರವಲ್ಲ ಎಂದಿತು. ಮಾರ್ಗಸೂಚಿ ರೂಪಿಸಲು ಚುನಾವಣಾ ಆಯೋಗಕ್ಕೆ ಸೂಚಿಸಿತು. ಹೀಗೆ ಮಾದರಿ ನೀತಿ ಸಂಹಿತೆಗೆ 8ನೇ ಭಾಗ ಸೇರಿತು. ಅದು ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿ ತಿಳಿಸಿದರೆ ಸಾಕೆನ್ನುತ್ತದೆ, ಅಂಕಿ ಕೇಳುವುದಿಲ್ಲ. ದೊಡ್ಡ ಲೋಪವೇ ಇದು. ಅಕ್ಟೋಬರ್ 2022ರಲ್ಲಿ ಆಯೋಗ ವೆಚ್ಚ, ಹೊಸ ತೆರಿಗೆ, ಯೋಜನೆ ಕಡಿತ, ಸಾಲ ಎಲ್ಲವನ್ನೂ ತುಂಬಬೇಕಾದ ನಮೂನೆಯನ್ನು ಪ್ರಸ್ತಾಪಿಸಿತು.

ಕರ್ನಾಟಕದ ಉದಾಹರಣೆ ಗಮನಿಸಿ. 2023ರಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿ ಘೋಷಿಸಿ ಗೆದ್ದಿತು. 2024–25ರ ಬಜೆಟ್‌ನಲ್ಲಿ ಅವುಗಳಿಗೆ ಸುಮಾರು 52,000 ಕೋಟಿ ರೂ.; ಅದೇ ಬಜೆಟ್‌ನ ಅಂದಾಜು ರಾಜಸ್ವ ಕೊರತೆ 27,354 ಕೋಟಿ ರೂ. ಜುಲೈ 2023ರಲ್ಲಿ ಮದ್ಯದ ಮೇಲಿನ ಅಬಕಾರಿ ಸುಂಕ, ಜೂನ್ 2024ರಲ್ಲಿ ಪೆಟ್ರೋಲ್ ಮಾರಾಟ ತೆರಿಗೆ (25.92%ರಿಂದ 29.84%ಕ್ಕೆ) ಏರಿದವು. ಜನವರಿ 2025ರಲ್ಲಿ ಬಸ್ ದರ 15% ಹೆಚ್ಚಿತು. ಬಂಕಾಪುರದಿಂದ ಹಾವೇರಿಗೆ ಸರ್ಕಾರಿ ಬಸ್ ಹತ್ತಿದ ಮಹಿಳೆಗೆ ಆ ಐದರಲ್ಲಿ ಒಂದಾದ ಶಕ್ತಿ ಯೋಜನೆಯ ಉಚಿತ ಟಿಕೆಟ್, ಪಕ್ಕದ ಗಂಡಸಿಗೆ ಏರಿದ ದರ. ಆ ಉಚಿತ ಪ್ರಯಾಣ ಹೆಣ್ಣುಮಕ್ಕಳಿಗೆ ನಿಜಕ್ಕೂ ದೊಡ್ಡ ಅನುಕೂಲ. ಆಕ್ಷೇಪ ಇರುವುದು ಯೋಜನೆಗಲ್ಲ. ಏರಬಹುದಾದ ತೆರಿಗೆ, ದರಗಳನ್ನು ಮತದಾನಕ್ಕೆ ಮೊದಲೇ ಹೇಳದ ಪದ್ಧತಿಗೆ.

ನೆನಪಿಡಿ: ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲೇ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಆದರೂ ಇಲ್ಲಿ ಏರಿಕೆಗಳು ಮತದಾನದ ನಂತರವೇ ಗೊತ್ತಾಗುತ್ತವೆ. ಬಂಕಾಪುರ ಇರುವುದು ಶಿಗ್ಗಾವಿ ವಿಧಾನಸಭಾ ಕ್ಷೇತ್ರದಲ್ಲಿ. ಅಲ್ಲಿ ಉಪಚುನಾವಣೆ ನಡೆದದ್ದು 13 ನವೆಂಬರ್ 2024; ಬಸ್ ದರ ಏರಿದ್ದು ಮತದಾನ ಮುಗಿದ ಮೇಲೆ, ಜನವರಿಯಲ್ಲಿ.