ಅಪ್ಪನ ಗುಳಿಗೆ ತಮ್ಮನಿಗೆ ಆಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 21 ವರ್ಷ. ಮೊದಲೇ ಸಣಕಲು ಮೈ, ಈಗ ಎರಡು ತಿಂಗಳಲ್ಲಿ ಇನ್ನೂ ಇಳಿದುಹೋಗಿದ್ದಾನೆ. ರಾತ್ರಿಯೆಲ್ಲ ನೀರು ಕುಡಿಯುವುದು, ಮೂತ್ರಕ್ಕೆ ಏಳುವುದು. ಪರೀಕ್ಷೆ ಮಾಡಿಸಿದಾಗ ಸಕ್ಕರೆ 380 ಬಂತು. ಡಾಕ್ಟರು ಇನ್ಸುಲಿನ್ ಶುರು ಮಾಡಿದ್ದಾರೆ. ಅಪ್ಪನಿಗೂ ಸಕ್ಕರೆ ಕಾಯಿಲೆ ಇದೆ, ಆದರೆ ಹತ್ತು ವರ್ಷದಿಂದ ಮಾತ್ರೆಯಲ್ಲೇ ಇದ್ದಾರೆ. ‘ಸೂಜಿ ಹಚ್ಚಿಕೊಂಡ್ರ ಸಾಯೂತನಕಾ ಬಿಡಂಗಿಲ್ಲ, ಅಪ್ಪನ ಗುಳಿಗಿನೇ ತಗೋ’ ಎಂದು ಶಹಾಪುರದ ಸೋದರಮಾವ ಹೇಳುತ್ತಿದ್ದಾರೆ. ಕಾಯಿಲೆ ಒಂದೇ ಅಲ್ಲವೇ?
– ಒಬ್ಬ ಅಕ್ಕ, ಸುರಪುರ ತಾಲ್ಲೂಕು

ಉತ್ತರ: ತಂಗೀ, ಕಾಯಿಲೆಯ ಹೆಸರು ಒಂದೇ, ಬಗೆ ಬೇರೆ ಇರಬಹುದು. ಬಗೆ ಖಚಿತವಾಗುವ ತನಕ ಇನ್ಸುಲಿನ್ ನಿಲ್ಲಿಸಬೇಡಿ, ಅಪ್ಪನ ಮಾತ್ರೆ ಕೊಡಬೇಡಿ.

380 ಎಂಬ ಅಂಕಿ ಸಕ್ಕರೆ ಕಾಯಿಲೆ ಇದೆ ಎನ್ನುತ್ತದೆ, ಯಾವುದು ಎನ್ನುವುದಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ 126, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ 6.5 ಎಂಬ ಗಡಿ ಎಲ್ಲ ಬಗೆಗೂ ಒಂದೇ. (ರಕ್ತ ಕಡಿಮೆ ಇದ್ದವರಲ್ಲಿ ಎ1ಸಿ ಅಂಕಿ ಏರುಪೇರಾಗುತ್ತದೆ. ಹಿಮೋಗ್ಲೋಬಿನ್ ಕೂಡ ನೋಡಿಸಿ.)

ಬಗೆ ತಿಳಿಯಲು ಡಾಕ್ಟರು ಮೊದಲು ರೋಗಿಯ ಕಥೆ ಕೇಳುತ್ತಾರೆ. ನಿಮ್ಮ ಅಪ್ಪನದು ಬಹುಶಃ ಎರಡನೇ ಬಗೆ: ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಕೆಲಸಕ್ಕೆ ಸಾಲದು. ಅದು ನಿಧಾನವಾಗಿ ಬರುವ ಕಾಯಿಲೆ. ಎಳೆ ವಯಸ್ಸು, ವಾರಗಳಲ್ಲೇ ಮೈ ಇಳಿಯುವುದು, ತಡೆಯಲಾಗದ ಬಾಯಾರಿಕೆ ಮೊದಲನೇ ಬಗೆಯ ಗುರುತು. ಅದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುತ್ತದೆ. ಸೂಜಿ ಬಿಡಲಾಗದ್ದು ಚಟದಿಂದಲ್ಲ, ದೇಹದಲ್ಲಿ ಇನ್ಸುಲಿನ್ ಹುಟ್ಟದಿರುವುದರಿಂದ. ಎರಡನೇ ಬಗೆಯವರಲ್ಲಿ ಸೂಜಿಯಿಂದ ಆರಂಭಿಸಿ ಆಮೇಲೆ ಮಾತ್ರೆಗೆ ಬಂದವರು ಎಷ್ಟೋ ಜನ. ಮಾವನವರಿಗೆ ಇದನ್ನು ತಿಳಿಹೇಳಿ.

ಮುಂದೆ ಪರೀಕ್ಷೆಗಳು. ಇನ್ಸುಲಿನ್ ತೀರ ಸಾಲದಾದಾಗ ದೇಹ ಕೊಬ್ಬು ಕರಗಿಸಿ ಹುಟ್ಟಿಸುವ ಕೀಟೋನ್ ಮೂತ್ರದಲ್ಲಿ ಇದೆಯೇ ಎಂಬುದು ಪಟ್ಟಿ ಅದ್ದಿ ನೋಡುವ ಸುಲಭದ ಪರೀಕ್ಷೆ, ಇದನ್ನು ಮೊದಲು ಕೇಳಿ. ಇನ್ಸುಲಿನ್ ಕೋಶಗಳ ವಿರುದ್ಧ ಹುಟ್ಟುವ ‘ಗ್ಯಾಡ್’ ಪ್ರತಿಕಾಯ ರಕ್ತದಲ್ಲಿ ಸಿಕ್ಕರೆ ಮೊದಲನೇ ಬಗೆ ಎನ್ನಲು ಬಲ ಬರುತ್ತದೆ. ಸಿಗಲಿಲ್ಲವೆಂದು ಅದು ಅಲ್ಲವೇ ಅಲ್ಲ ಎನ್ನಲಾಗದು. ಸಿ-ಪೆಪ್ಟೈಡ್ ಪರೀಕ್ಷೆ ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ಹೇಳುತ್ತದೆ. ಆದರೆ ಸಕ್ಕರೆ ವಿಪರೀತ ಏರಿರುವಾಗ ಇನ್ಸುಲಿನ್ ತಯಾರಿಸುವ ಕೋಶಗಳು ಸೋತಿರುತ್ತವೆ, ಅಂಕಿ ದಾರಿ ತಪ್ಪಿಸಬಹುದು. ಸಕ್ಕರೆ ಹತೋಟಿಗೆ ಬಂದ ಮೇಲೆ ಮಾಡಿಸಿದರೆ ಮೇಲು. ಆಗಾಗ ಹೊಟ್ಟೆನೋವು, ಎಣ್ಣೆಯಂತೆ ತೇಲುವ ಮಲ ಇದ್ದರೆ ಹೊಟ್ಟೆಯ ಸ್ಕ್ಯಾನ್ ಬೇಕು. ಮೇದೋಜೀರಕದಲ್ಲಿ ಹರಳು ಕಟ್ಟಿಯೂ ಸಕ್ಕರೆ ಕಾಯಿಲೆ ಬರುತ್ತದೆ. ಅಜ್ಜ, ಅಪ್ಪ, ಮಗ ಹೀಗೆ ತಲೆಮಾರಿನಿಂದ ತಲೆಮಾರಿಗೆ ಎಳೆ ವಯಸ್ಸಿನಲ್ಲೇ ಬಂದಿದ್ದರೆ ‘ಮೋಡಿ’ ಎಂಬ ವಂಶವಾಹಿ ಬಗೆಯ ಅನುಮಾನ.

ನಮ್ಮ ಯಾದಗಿರಿಯವರು ಕೇಳಲೇಬೇಕಾದ ಇನ್ನೊಂದು ಬಗೆಯಿದೆ. ಬಾಲ್ಯದಲ್ಲಿ ಹೊಟ್ಟೆ ತುಂಬದೆ ಬೆಳೆದ, ತೀರ ತೆಳ್ಳಗಿನ ಯುವಕರಲ್ಲಿ ಕಾಣುವ ಸಕ್ಕರೆ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟು, 1999ರಲ್ಲಿ ಪಟ್ಟಿಯಿಂದ ತೆಗೆಯಿತು. 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಬ್ಯಾಂಕಾಕ್‌ನಲ್ಲಿ ಇದನ್ನು ‘ಐದನೇ ಬಗೆ’ ಎಂದು ಒಪ್ಪಿತು. ವೆಲ್ಲೂರಿನ ಸಿಎಂಸಿ ವೈದ್ಯರು ಇದರ ಬಗ್ಗೆ ಸಂಶೋಧನೆ ಮಾಡಿದ್ದಾರೆ. ವೈದ್ಯರಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ಇಂಥವರಲ್ಲಿ ಸಕ್ಕರೆ ಏರಿದರೂ ಕೀಟೋನ್ ಸಾಮಾನ್ಯವಾಗಿ ಕಾಣುವುದಿಲ್ಲ. ಇನ್ಸುಲಿನ್ ತುಸು ಹೆಚ್ಚಾದರೂ ಸಕ್ಕರೆ ಅಪಾಯಕ್ಕೆ ಕುಸಿಯಬಹುದು, ಜೊತೆಗೆ ಒಳ್ಳೆಯ ಊಟವೂ ಬೇಕು. ಹಸಿವಿನ ಬರಗಾಲಗಳನ್ನು ಕಂಡ ಈ ನಾಡಿನಲ್ಲಿ ತಮ್ಮನ ಬಾಲ್ಯದ ತೂಕ, ಊಟ, ಗುಳೆ ಹೋದ ದಿನಗಳ ಬಗ್ಗೆ ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ.

ಎಲ್ಲ ಚೀಟಿಗಳನ್ನೂ ಜೋಡಿಸಿಕೊಂಡು ಯಾದಗಿರಿ ಜಿಲ್ಲಾ ಆಸ್ಪತ್ರೆಯ ಫಿಜಿಷಿಯನ್‌ರನ್ನು ಕಾಣಿ. ಅಗತ್ಯ ಬಿದ್ದರೆ ಅವರೇ ಕಲಬುರಗಿಗೆ ಕಳಿಸುತ್ತಾರೆ. ಈ ನಡುವೆ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.