ಕಂದು ಹಾಕುವ ರೋಗ: ರಕ್ತಪರೀಕ್ಷೆ ಹೇಳುವುದೇನು?



ಹೋದ ವರ್ಷ ದುದ್ದ ಹೋಬಳಿಯ ಒಂದು ಹಳ್ಳಿಯಲ್ಲಿ ರೈತರೊಬ್ಬರು ತಮ್ಮ ಸೀಮೆ ಹಸುವನ್ನು ಮಾರಲು ಹೊರಟಿದ್ದರು. ಕೊಳ್ಳುವವರು ರಕ್ತಪರೀಕ್ಷೆ ಆಗಲೆಂದರು. ಪರೀಕ್ಷೆಯಲ್ಲಿ ಕಂದು ಹಾಕುವ ರೋಗದ, ಎಂದರೆ ಬ್ರುಸೆಲ್ಲೋಸಿಸ್ಸಿನ, ಗುರುತು ಕಂಡಿತು. ಆ ಹಸು ಒಮ್ಮೆಯೂ ಕಂದು ಹಾಕಿದ್ದಿಲ್ಲ. ಆದರೂ ದಲ್ಲಾಳಿ ಅರ್ಧ ಬೆಲೆಗೆ ಕೇಳಿದ. "ಕೊಟ್ಟುಬಿಡಿ ಗೌಡ್ರೇ" ಎಂದು ನಾನೂ ಹೇಳಿದೆ. ನನ್ನ ಓದು ಬೇಸಾಯದ ಡಿಪ್ಲೊಮಾ; ಪಶುವೈದ್ಯರನ್ನು ಕೇಳದೆ ಹಾಗೆ ಹೇಳಿದ್ದು ತಪ್ಪು. ರೋಗವಿದ್ದರೆ ಅದನ್ನು ಇನ್ನೊಬ್ಬರ ಕೊಟ್ಟಿಗೆಗೆ ಅಟ್ಟಿದಂತಾಗುತ್ತಿತ್ತು. ಇಲ್ಲದಿದ್ದರೆ ಒಳ್ಳೆಯ ಹಸು ಕೈಬಿಟ್ಟು ಹೋಗುತ್ತಿತ್ತು.

ಆ ಪರೀಕ್ಷೆಗೆ ರೋಸ್ ಬೆಂಗಾಲ್ ಪರೀಕ್ಷೆ ಎಂದು ಹೆಸರು. ಸತ್ತ ಬ್ರುಸೆಲ್ಲಾ ಜೀವಾಣುಗಳಿಗೆ ಗುಲಾಬಿ ಬಣ್ಣ ಹಿಡಿಸಿದ ದ್ರವ ಒಂದು ಹನಿ, ಹಸುವಿನ ರಕ್ತದಿಂದ ಬೇರ್ಪಟ್ಟ ತಿಳಿ ಒಂದು ಹನಿ, ಎರಡನ್ನೂ ಬೆರೆಸಿ ನಾಲ್ಕು ನಿಮಿಷ ಆಡಿಸುತ್ತಾರೆ. ರವೆಯಂತೆ ಹರಳುಗಟ್ಟಿದರೆ ತಿಳಿಯಲ್ಲಿ ಪ್ರತಿಕಾಯ ಉಂಟೆಂದು ಅರ್ಥ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಪರೀಕ್ಷೆ ಜೀವಾಣುವನ್ನು ನೋಡುವುದಿಲ್ಲ. ಅದರ ವಿರುದ್ಧ ಮೈ ಎಬ್ಬಿಸಿದ ಕಾವಲನ್ನು ಮಾತ್ರ ನೋಡುತ್ತದೆ.

ಕರಿ ಕಂಬಳಿ ಹೊದ್ದ ಕಳ್ಳನನ್ನು ಒಮ್ಮೆ ಕಂಡ ನಾಯಿ, ಮರುದಿನ ಕರಿ ಕಂಬಳಿ ಹೊದ್ದು ಬಂದ ಕುರಿಯವನಿಗೂ ಬೊಗಳುತ್ತದಲ್ಲವೆ? ಪ್ರತಿಕಾಯವೂ ಹಾಗೆಯೇ. ಅದು ಗುರುತು ಹಿಡಿಯುವುದು ಜೀವಾಣುವಿನ ಹೊರ ಹೊದಿಕೆಯನ್ನು. ಯೆರ್ಸಿನಿಯಾ ಎಂಬ ಕರುಳಿನ ಜೀವಾಣುವಿನ ಒಂದು ಬಗೆಗೆ ಬ್ರುಸೆಲ್ಲಾಕ್ಕೆ ಇರುವಂಥದೇ ಹೊದಿಕೆ ಇದೆ. ಹಂದಿಯ ಕರುಳಿನಲ್ಲಿ ಇದು ಹೆಚ್ಚು. ಮೇವು ನೀರಿನ ಮೂಲಕ ದನಕ್ಕೂ ತಗಲಬಹುದು. ಆಗ ಕಂದು ಹಾಕುವ ರೋಗವಿಲ್ಲದ ಹಸುವಿನ ತಿಳಿಯೂ ಹರಳುಗಟ್ಟೀತು.

ಲಸಿಕೆಯಿಂದಲೂ ಹೀಗಾಗುವುದುಂಟು. ಎಸ್-19 ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ವಯಸ್ಸು ಮೀರಿದ ಕಡಸಿಗೆ ಹಾಕಿದರೆ ಪ್ರತಿಕಾಯ ಬಹುಕಾಲ ರಕ್ತದಲ್ಲಿ ಉಳಿದು ಪರೀಕ್ಷಕರನ್ನು ದಾರಿತಪ್ಪಿಸುತ್ತದೆ. ಆದಕಾರಣ ಲಸಿಕೆಯ ದಿನಾಂಕವನ್ನು ಕಿವಿಯೋಲೆಯ 12 ಅಂಕಿಗಳೊಡನೆ ಬರೆದಿಟ್ಟುಕೊಳ್ಳಿ.

ತಪ್ಪು ಇನ್ನೊಂದು ಕಡೆಗೂ ವಾಲುತ್ತದೆ. ಈಗತಾನೆ ಕಂದು ಹಾಕಿದ ಹಸುವಿನಲ್ಲಿ ಪ್ರತಿಕಾಯ ಇನ್ನೂ ಎದ್ದಿರದಿದ್ದರೆ ಪರೀಕ್ಷೆ "ಇಲ್ಲ" ಎನ್ನುತ್ತದೆ. ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ಕಂದಿನ ಹೊಟ್ಟೆಯ ರಸದಿಂದ ಜೀವಾಣುವನ್ನೇ ಬೆಳೆಸಿ ಹಿಡಿದರೆ ಅನುಮಾನವಿರದು, ಆದರೆ ಅದು ಅಪಾಯದ ಕೆಲಸ. ಬೆಂಗಳೂರಿನ ಯಲಹಂಕದ ನಿವೇದಿ ಸಂಸ್ಥೆಯಂಥ ಪ್ರಯೋಗಶಾಲೆಗಳಿಗೆ ಪಶುವೈದ್ಯರ ಮೂಲಕ ಕಳುಹಿಸಬೇಕು.

ಗೌಡರು ನನ್ನ ಮಾತು ಕೇಳಲಿಲ್ಲ, ಒಳ್ಳೆಯದಾಯಿತು. ಪಶುವೈದ್ಯರು ಹಸುವನ್ನು ಬೇರೆ ಕಟ್ಟಿಸಿ, ಹಾಲನ್ನು ಚೆನ್ನಾಗಿ ಕಾಯಿಸದೆ ಯಾರೂ ಮುಟ್ಟಕೂಡದೆಂದರು. ಕೊಟ್ಟಿಗೆಯ ಉಳಿದ ಮೂರು ದನಗಳ ರಕ್ತದಲ್ಲಿ ಏನೂ ಕಾಣಲಿಲ್ಲ. ಆರು ವಾರದ ಮೇಲೆ ಆ ಹಸುವಿನ ತಿಳಿಯೂ ಹರಳುಗಟ್ಟಲಿಲ್ಲ. ಬೇರೆ ಜೀವಾಣುವಿನ ಗುರುತೇ ಇದ್ದಿರಬೇಕೆಂದು ವೈದ್ಯರ ಅಭಿಪ್ರಾಯ. ಹಸು ಅವರಲ್ಲೇ ಇದೆ.

ಈ ರೋಗ ಮನುಷ್ಯರಿಗೂ ಬರುತ್ತದೆ. ಬರಿಗೈಯಲ್ಲಿ ಸತ್ತೆ ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು. ಇಲ್ಲಿಯೂ ಅದೇ ಗೊಂದಲ: 1896ರಿಂದ ಬಳಕೆಯಲ್ಲಿರುವ ವಿಡಾಲ್ ಪರೀಕ್ಷೆ ಹಳೆಯ ಸೋಂಕಿನಿಂದಲೋ ಬೇರೆ ಜ್ವರದಿಂದಲೋ "ಟೈಫಾಯಿಡ್" ಎಂದು ತೋರಿಸುವುದುಂಟು. ಟೈಫಾಯಿಡ್ಡಿನ ಔಷಧಿ ಒಂದೆರಡು ವಾರದ್ದು. ಬ್ರುಸೆಲ್ಲಾಕ್ಕೆ ಎರಡು ಔಷಧಿಗಳನ್ನು ಸಾಮಾನ್ಯವಾಗಿ ಆರು ವಾರ ಸೇವಿಸಬೇಕು. ನಿಮ್ಮ ಕೊಟ್ಟಿಗೆಯ ವಿಷಯ ಡಾಕ್ಟರಿಗೆ ತಿಳಿದಿರುವುದಿಲ್ಲ. ಜ್ವರವೆಂದು ಹೋದಾಗ "ನಮ್ಮ ಹಸು ಕಂದು ಹಾಕಿತ್ತು, ಸತ್ತೆ ನಾನೇ ತೆಗೆದೆ" ಎಂದು ಅವರು ಕೇಳುವ ಮೊದಲೇ ಹೇಳಿ.